ಅಮ್ಮ ಎಣ್ಣೆ ಸವರಿದ ಕಲ್ಲು

ನವೆಂಬರ್ ೧೨, ಬುಧವಾರ

ಸಾರಿ, ಓದುವುದು ಬಿಟ್ಟು ಬರೆಯುತ್ತಿದ್ದೇನೆ. ನಾಳೆ ಜಿಯಾಲಜಿ ಸೆಮಿನಾರ್, ಮಾರ್ಕ್ಸ್ ಇದೆ. ಹಳೆಯ ತೈಲ ನಿಕ್ಷೇಪಕ್ಕೆ ಕಾರ್ಬನ್ ಡೈಆಕ್ಸೈಡ್ ತುಂಬಿದರೆ ಅಲ್ಲೇ ಉಳಿಯುತ್ತದಾ ಎಂಬುದೇ ವಿಷಯ. ಬಂಡೆಗೆ ನೀರು ಅಂಟಿದ್ದರೆ ಗ್ಯಾಸ್ ಗುಳ್ಳೆಯಾಗಿ ರಂಧ್ರಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಎಣ್ಣೆ ಅಂಟಿದ್ದರೆ ಅಷ್ಟಾಗಿ ಸಿಕ್ಕುವುದಿಲ್ಲ.

ಕಲ್ಲಿನ ಮೇಲೆ ನೀರು ಹರಡುವುದನ್ನು ತೋರಿಸಲು ನಮ್ಮೂರು ಐ.ಡಿ.ಹಳ್ಳಿಯಿಂದ ಅಮ್ಮ ಕಲ್ಲು ಕಳಿಸಿದ್ದಳು. ಹನಿ ಹಾಕಿದರೆ ಮಣಿಯಂತೆ ಜಾರಿತು. ಅಳುತ್ತಲೇ ಅಮ್ಮನಿಗೆ ಫೋನ್ ಮಾಡಿದೆ.

“ಒಳ್ಳೆ ಕೆಲ್ಸಕ್ಕೆ ಹೋಗೋ ಕಲ್ಲು ಕಣಮ್ಮ, ಅಂಗೇ ಹೆಂಗೆ ಕಳ್ಸಾದು? ಹಳ್ಳೆಣ್ಣೆ ಸವರ್ಬುಟ್ಟೆ.”

“ಅರಿಶಿನ ಹಚ್ಲಿಲ್ವಾ?”

“ಮರ್ತ್ಬುಟ್ಟೆ ಕಣೆ.”

ನಗು ಬಂತು. ಆಮೇಲೆ ಹೊಳೆಯಿತು: ತೈಲವಿದ್ದ ಎಷ್ಟೋ ಬಂಡೆಗಳು ಹೀಗೆಯೇ. ನಮ್ಮ ಸ್ಲೈಡಿನಲ್ಲಿ ಎಲ್ಲವೂ ನೀರು ಹಿಡಿಯುತ್ತವೆ ಎಂದಿದೆ. ಸೆಮಿನಾರಿನಲ್ಲಿ ನನ್ನ ಜೊತೆ ಮಾತಾಡುವ ಶ್ರೀಲತಾಗೆ ಈಗಷ್ಟೇ ಮೆಸೇಜ್ ಹಾಕಿದೆ: ಸ್ಲೈಡ್ ತಪ್ಪು, ಎಣ್ಣೆ ಕಲ್ಲನ್ನೇ ತೋರಿಸೋಣವಾ? ಬೇಗ ರಿಪ್ಲೈ ಮಾಡು.