ಎದೆಮಟ್ಟದ ಕೆಳಗಿನ ವರ್ಷಗಳು

ಕಿವಿರಂತ, ಫಿನ್‌ಲ್ಯಾಂಡ್
ಜುಲೈ ೩, ೨೦೦೪

ಪ್ರೀತಿಯ ಹೆಲ್ಲೆವಿ ಅಕ್ಕ,

ನಿನ್ನ ಮೂರು ಪತ್ರಗಳಿಗೂ ಸೇರಿಸಿ ಇದೊಂದೇ ಉತ್ತರ. ಬೈಯುವುದಿದ್ದರೆ ಈಗಲೇ ಬೈದು ಮುಗಿಸಿ ಆಮೇಲೆ ಮುಂದೆ ಓದು. ನಾವಿಬ್ಬರೂ ಚೆನ್ನಾಗಿದ್ದೇವೆ. ಹೊಸ ಆಲೂಗಡ್ಡೆ ಬಂದಿದೆ, ಸೊಳ್ಳೆಗಳೂ ಬಂದಿವೆ. ನಾರ್ವೆಯ ನಿನ್ನ ಕಡಲತೀರದಲ್ಲಿ ಸೊಳ್ಳೆಯೇ ಇಲ್ಲವೆಂದು ನೀನು ಬರೆದದ್ದನ್ನು ಓದಿ ಹೇಳಿದಾಗ ಚಿಕ್ಕಮ್ಮ, "ಕಚ್ಚೋಕೂ ಯಾರೂ ದಿಕ್ಕಿಲ್ಲದ ಊರು. ಹ್ಯಾಗಿರ್ತಾಳೋ ಪಾಪ" ಎಂದಳು.

ನೀನು ಕಾಯುತ್ತಿರುವುದು ಆ ಅರ್ಜಿಗಾಗಿ ಎಂದು ಗೊತ್ತು. ವಿಯೆನೊ ಚಿಕ್ಕಮ್ಮನ ಬುದ್ಧಿ ಈಗ ಸ್ಥಿಮಿತದಲ್ಲಿಲ್ಲ, ಅವಳ ಪರವಾಗಿ ಬೇರೆಯವರು ತೀರ್ಮಾನ ತೆಗೆದುಕೊಳ್ಳಲಿ ಎಂದು ನ್ಯಾಯಾಲಯವನ್ನು ಕೇಳುವ ಅರ್ಜಿ. ನಿನ್ನ ಸಹಿ ಮಾರ್ಚ್‌ನಲ್ಲೇ ಬಿದ್ದಿದೆ, ಇನ್ನು ನನ್ನದು ಬೇಕು. ನೀನು ಬರೆದದ್ದರಲ್ಲಿ ಒಂದೂ ಸುಳ್ಳಲ್ಲ. ಫೋನಿನಲ್ಲಿ ಎರಡು ಸಲ ನಿನ್ನನ್ನು ಅಮ್ಮನ ಹೆಸರಿನಿಂದ ಕರೆದಳು. ಈ ವಾರದಲ್ಲಿ ಎರಡು ಮಂಗಳವಾರ ಬಂತು ಎಂದು ಹಠ ಹಿಡಿದಳು. ಸೌನಾದ, ಆ ಹಬೆಸ್ನಾನದ ಕೋಣೆಯ, ಒಲೆ ಹೊತ್ತಿಸಿ, ಅದನ್ನು ಮರೆತು ಹೋಗಿ ಮಲಗಿದಳು. ಎಂಬತ್ತೆರಡು ವರ್ಷ, ಕಣ್ಣಂತೂ ಹೆಚ್ಚುಕಡಿಮೆ ಹೋಗಿಯೇ ಬಿಟ್ಟಿದೆ. ನಮ್ಮಿಬ್ಬರನ್ನು ಸಾಕಿದವಳ ಬಗ್ಗೆ ನೀನು ಹಗುರವಾಗಿ ಆ ಕಾಗದ ತುಂಬಿಸಿಲ್ಲ ಎಂಬುದೂ ನನಗೆ ಗೊತ್ತು. ಆದರೂ ಕಳೆದ ಶನಿವಾರ ನಡೆದದ್ದನ್ನು ಸ್ವಲ್ಪ ಕೇಳು.

ಈ ಸಲದ ಮಧ್ಯಬೇಸಿಗೆ ಹಬ್ಬಕ್ಕೆ ಊರಿನ ಸಂಘದವರು ಬೂಟು ಎಸೆಯುವ ಪಂದ್ಯದ ಜೊತೆಗೆ ಹೊಸದೊಂದು ಸ್ಪರ್ಧೆ ಇಟ್ಟಿದ್ದರು. ಕುಣಿತದ ಕಟ್ಟೆಯ ಹಿಂದೆ ಬಂಡೆಯ ಮೇಲೆ ನಿಂತಿದೆಯಲ್ಲ ಪೈನ್ ಮರ, ನಾವು ಒದ್ದೆ ಈಜುಡುಪು ಒಣಹಾಕುತ್ತಿದ್ದದ್ದು, ಅದರ ವಯಸ್ಸೆಷ್ಟೆಂದು ಅಂದಾಜು ಮಾಡಿ ಚೀಟಿಯಲ್ಲಿ ಬರೆದು ಹಾಕಬೇಕು. ಬಹುಮಾನ ಒಂದು ದೊಡ್ಡ ಕಲಾಕುಕ್ಕೊ. ಅದರ ರೊಟ್ಟಿಯೊಳಗೆ ಮೀನು ಕಂಠಮಟ್ಟ ತುಂಬಿದ್ದರು, ಇನ್ನೂ ಬಿಸಿಯಿತ್ತು. ಚಿಕ್ಕಮ್ಮನಿಗೆ ಕಣ್ಣು ಹೋದರೇನು, ಮೂಗು ಇದೆಯಲ್ಲ.

"ಐಲಾ, ನನ್ನ ಆ ಮರದ ಹತ್ರ ಕರಕೊಂಡ್ಹೋಗೆ."

ದಾರಿಯಲ್ಲಿ ಕೌಕೊ ಸಿಕ್ಕ. ನಲವತ್ತು ವರ್ಷ ಮರದ ದಿಮ್ಮಿಯ ಲಾರಿ ಓಡಿಸಿದವನು. ಪೈನ್ ಅಂದರೆ ತನ್ನ ಮನೆಯ ನಾಯಿಯಷ್ಟೇ ಪರಿಚಯ ಎಂದು ತಿಳಿದುಕೊಂಡಿದ್ದಾನೆ.

"ಏನ್ ವಿಯೆನೊ, ಮರ ಎಲ್ಲಿದೆ ಅಂತ ಹುಡುಕೋದೂ ಸ್ಪರ್ಧೇಲಿ ಸೇರಿದ್ಯಾ?"

"ನೀನು ಹಾಗೇ ಮಾತಾಡ್ತಾ ಇರು ಕೌಕೊ. ನಿನ್ನ ಗಂಟಲು ಬರೋ ಕಡೆ ಬಿಟ್ಟು ಇನ್ನೊಂದು ಕಡೆ ಹೋದ್ರೆ ನಂಗೆ ಮರ ಸಿಕ್ಕೇ ಸಿಗುತ್ತೆ."

ಮರದ ಬುಡದಲ್ಲಿ ಅವಳು ಬೂಟು, ಕಾಲುಚೀಲ ಎರಡನ್ನೂ ಕಳಚಿದಳು. ಬರಿಗಾಲಲ್ಲಿ ಬಂಡೆಯನ್ನು ಮೆಟ್ಟಿದಳು. ಒಣಗಿದ ಕಲ್ಲುಹೂವು ಹಪ್ಪಳದಂತೆ ಮುರಿಯಿತು. ಆಮೇಲೆ ತೊಗಟೆಯ ಬಿರುಕುಗಳಲ್ಲಿ ಬೆರಳಿಟ್ಟು, ಗೆಣ್ಣಿನವರೆಗೆ ಇಳಿಸಿ, ಸುಮಾರು ಹೊತ್ತು ಹಾಗೇ ನಿಂತಳು. ನಾನು ಹರಿಯುವ ನೀರನ್ನು ನೋಡುವ ಹಾಗೆ ಅವಳ ಮುಖವನ್ನೇ ನೋಡುತ್ತಿದ್ದೆ.

"ತಲೆ ಹೇಗಿದೆ ನೋಡು. ಚೂಪೋ, ಚಪ್ಪಟೆಯೋ?"

"ಚಪ್ಪಟೆ. ಮೇಲಿಂದ ಯಾರೋ ಕೈಯಿಟ್ಟು ಒತ್ತಿದ ಹಾಗಿದೆ."

"ಈ ದಪ್ಪ ತೊಗಟೆ ಎಲ್ಲಿತನಕ ಹತ್ತಿದೆ?"

"ಎರಡಾಳು ಎತ್ತರ. ಅಲ್ಲಿಂದ ಮೇಲೆ ಕೆಂಪು."

"ಹಸಿದು ಬೆಳೆದಿದೆ ಪಾಪ" ಎಂದು ಮರವನ್ನು ತಟ್ಟಿದಳು. "ನೂರಾ ಎಪ್ಪತ್ತೊಂದು ಅಂತ ಬರಿ."

ನನ್ನ ಪೆನ್ನು ಒಂದು ಕ್ಷಣ ತಡೆಯಿತು. ಆ ಮರವನ್ನು ನಾನೊಬ್ಬಳೇ ತಬ್ಬಬಹುದು, ಅಷ್ಟು ಸಣ್ಣದು. ಊರಿನವರಲ್ಲಿ ಹೆಚ್ಚಿನವರು ಎಂಬತ್ತು, ತೊಂಬತ್ತು ಎಂದು ಬರೆಯುತ್ತಿದ್ದರು. ಆದರೂ ಅವಳು ಅಂದದ್ದನ್ನೇ ಬರೆದೆ.

ಮಧ್ಯಾಹ್ನ ಮೂರಕ್ಕೆ ಅರಣ್ಯ ಸಲಹೆಗಾರ ಇಲ್ಮೊ ಬಂದ. ಒಳ್ಳೆಯ ಹುಡುಗ, ಇನ್ನೂ ಮೂವತ್ತಾಗಿಲ್ಲ. ಇಡೀ ಜಿಲ್ಲೆಯ ಕಾಡು ತನ್ನ ಚೀಲದೊಳಗಿದೆ ಎನ್ನುವ ನಡಿಗೆ. ಟೊಳ್ಳು ಬೈರಿಗೆಯನ್ನು ಮರಕ್ಕೆ ಚುಚ್ಚಿ ಕಿರ್ ಕಿರ್ ಎಂದು ತಿರುಗಿಸಿದ. ಪೆನ್ಸಿಲ್‌ಗಿಂತ ಸಣ್ಣದೊಂದು ಕಡ್ಡಿ ಹೊರಗೆ ಬಂತು. ತೊಗಟೆಯಿಂದ ತಿರುಳಿನವರೆಗೆ ವರ್ಷಕ್ಕೊಂದು ಗೆರೆ. ರಾಳದ ವಾಸನೆ ಸುಡುತ್ತಿದ್ದ ಸಾಸೇಜಿನ ವಾಸನೆಯನ್ನೂ ಮೀರಿಸಿತು. ಗೆರೆಗಳು ಎಷ್ಟು ಒತ್ತಾಗಿದ್ದವೆಂದರೆ ಅವನು ಭೂತಗನ್ನಡಿ ಹಿಡಿದು ಎರಡು ಸಲ ಎಣಿಸಬೇಕಾಯಿತು. ಕುಣಿತಕ್ಕೆ ನುಡಿಸುತ್ತಿದ್ದ ಅಕಾರ್ಡಿಯನ್ ನಿಂತಿತು.

"ನೂರಾ ಐವತ್ತೆರಡು!"

ಕೌಕೊ ಬರೆದದ್ದು ನೂರಾ ಐವತ್ತು! ಅವನ ಆರ್ಭಟ ಕೆರೆಯ ಆಚೆ ದಡಕ್ಕೂ ಕೇಳಿಸಿರಬೇಕು. ಕಲಾಕುಕ್ಕೊವನ್ನು ಮಗುವಿನಂತೆ ಎತ್ತಿಕೊಂಡು ನಮ್ಮ ಮುಂದೆಯೇ ಒಂದು ಸುತ್ತು ಕುಣಿದ. ಯಾರೋ ಹಿಂದಿನಿಂದ, "ವಿಯೆನೊಗೆ ಈಚೀಚೆಗೆ ಲೆಕ್ಕ ಹಿಂದೆಮುಂದೆ ಆಗುತ್ತೆ" ಎಂದದ್ದು ನನಗೆ ಕೇಳಿಸಿತು. ಚಿಕ್ಕಮ್ಮನಿಗೂ ಕೇಳಿಸಿತು. ಅಕ್ಕ, ಆ ಹೊತ್ತಿನಲ್ಲಿ ನನ್ನ ಕಣ್ಣಮುಂದೆ ಬಂದದ್ದು ನಿನ್ನ ಅರ್ಜಿಯೇ.

ಅವಳು ಕೋಲೂರಿ ಎದ್ದಳು. "ಮಗಾ ಇಲ್ಮೊ, ಎಲ್ಲಿ ಕೊರೆದೆ?"

"ಎದೆಮಟ್ಟದಲ್ಲಿ ಅಜ್ಜಿ. ನಿಯಮ ಹಾಗೇ ಇರೋದು."

"ನಿಯಮ ಸರಿಯಪ್ಪ. ಈ ಮರ ಏನು ಹುಟ್ಟೋವಾಗ್ಲೇ ನಿನ್ನ ಎದೆಮಟ್ಟ ಇತ್ತಾ?"

ಇಲ್ಮೊನ ಕಿವಿ ಕೆಂಪಾಗುವುದನ್ನು ನೀನು ನೋಡಬೇಕಿತ್ತು. ಸಸಿ ಅಷ್ಟೆತ್ತರ ಬೆಳೆಯಲು ಹಿಡಿದ ವರ್ಷಗಳನ್ನು ಅವನು ಕೂಡಿಸಿಯೇ ಇರಲಿಲ್ಲ. ಆಫೀಸಿನಲ್ಲಿ ಆ ಲೆಕ್ಕಕ್ಕೆ ಕೋಷ್ಟಕವಿದೆಯಂತೆ, ಹಬ್ಬದ ಗಡಿಬಿಡಿಯಲ್ಲಿ ಮರೆತನಂತೆ. "ಹತ್ತು ವರ್ಷ ಕೂಡಿಸೋಣ್ವಾ ಅಜ್ಜಿ?" ಎಂದ.

"ಹತ್ತು ವರ್ಷ ಒಳ್ಳೆ ಮಣ್ಣಿಗೆ. ಇಲ್ಲಿ ಮಣ್ಣೆಲ್ಲಿದೆ, ತೋರಿಸು. ಇದೇ ಬಂಡೇಲಿ ನಿನ್ನ ಎದೆಮಟ್ಟದ ಮರಿ ಯಾವುದಾದ್ರೂ ಇದ್ದೇ ಇರುತ್ತೆ, ಅದನ್ನೇ ಕೇಳು."

ಇತ್ತು, ನಾಲ್ಕು ಹೆಜ್ಜೆ ಆಚೆ. ಪೈನ್ ವರ್ಷಕ್ಕೊಂದು ಸುತ್ತು ಕೊಂಬೆ ಬಿಡುತ್ತದಲ್ಲ, ಇಲ್ಮೊ ಮಂಡಿಯೂರಿ ಒಂದೊಂದೇ ಸುತ್ತು ಮುಟ್ಟುತ್ತ ಎಣಿಸಿದ. ಊರೆಲ್ಲ ಅವನ ಜೊತೆಗೆ ಕೂಗಿತು. ಹದಿನೈದು, ಹದಿನಾರು, ಹದಿನೇಳು, ಹದಿನೆಂಟು! ಕೊಂಬೆಯೇ ಬಿಡದ ಮೊದಲ ಎಳೆಗಾಲಕ್ಕೆ ಇನ್ನೊಂದು ಮೂರು ಎಂದು ಅವನೇ ಸೇರಿಸಿದ. ಒಟ್ಟು ನೂರಾ ಎಪ್ಪತ್ತಮೂರು.

ಜನ ಎಷ್ಟು ಚಪ್ಪಾಳೆ ಹೊಡೆದರೆಂದರೆ ನೀರಿನಲ್ಲಿದ್ದ ಬಾತುಗಳೆಲ್ಲ ಎದ್ದು ಹೋದವು. ಚಿಕ್ಕಮ್ಮನ ಮುಖ ಮಾತ್ರ ಗಂಟಾಗಿತ್ತು. "ಎರಡು ವರ್ಷ ತಪ್ಪಿತಲ್ಲೇ" ಎಂದು ಗೊಣಗಿದಳು. ಇಷ್ಟೆಲ್ಲ ಹೇಗೆ ಗೊತ್ತೆಂದು ಇಲ್ಮೊ ಕೇಳಿದಾಗ, ಯುದ್ಧಕ್ಕೆ ಗಂಡಸರೆಲ್ಲ ಹೋಗಿದ್ದಾಗ ತಾನು ಎರಡು ಚಳಿಗಾಲ ಕಾಡು ಅಳೆಯುವ ತಂಡದ ಬೈರಿಗೆ ಹೊತ್ತು ತಿರುಗಿದ್ದನ್ನು ಹೇಳಿದಳು. ತಂಡದ ಮೇಸ್ತ್ರಿಯ ಹೆಸರು, ಅವನ ಗೊರಕೆ, ಅವನು ಕದ್ದ ಬೆಣ್ಣೆ ಯಾವುದನ್ನೂ ಬಿಡಲಿಲ್ಲ. ಕೌಕೊ ಕಲಾಕುಕ್ಕೊ ತಂದು ಅವಳ ಮಡಿಲಲ್ಲಿಟ್ಟ.

"ತಗೋ ಮಾರಾಯ್ತಿ. ಆದ್ರೆ ತುದಿ ಒಂದು ನಂಗೆ ಕೊಡ್ಬೇಕು."

"ತುದೀಲಿ ಮೀನಿರಲ್ಲ ಕಣೋ. ಮಧ್ಯದ್ದೇ ತಿನ್ನು, ಸೋತವನಿಗೆ ಶಕ್ತಿ ಬೇಕು."

ಆಮೇಲೆ ಅವನ ಜೊತೆ ಒಂದು ವಾಲ್ಟ್ಸ್ ಕುಣಿದಳು, ಬರಿಗಾಲಲ್ಲೇ! ಬೂಟು ಎಲ್ಲಿ ಬಿಟ್ಟಿದ್ದಳೆಂಬುದು ಮರೆತುಹೋಗಿತ್ತು. ಅದನ್ನೂ ಮುಚ್ಚಿಡದೆ ಬರೆಯುತ್ತಿದ್ದೇನೆ. ಮರೆವು ಇದೆ ಅಕ್ಕ, ಇನ್ನೂ ಹೆಚ್ಚಾಗುತ್ತದೆ. ಆದರೆ ಇಡೀ ಊರು ಲೆಕ್ಕಕ್ಕೆ ಹಿಡಿಯದೆ ಬಿಟ್ಟ ವರ್ಷಗಳನ್ನು ಹುಡುಕಿ ತೆಗೆದವಳ ಬಗ್ಗೆ, ಇವಳಿಗೆ ತೀರ್ಮಾನ ಮಾಡಲು ಬರುವುದಿಲ್ಲ ಎಂದು ನಾನು ಬರೆದುಕೊಡಲಾರೆ. ಅರ್ಜಿಯನ್ನು ಕಳಿಸುತ್ತಿಲ್ಲ. ಸೌನಾದ ಒಲೆ ಇನ್ನು ಮೇಲೆ ನನ್ನ ಜವಾಬ್ದಾರಿ.

ಆಗಸ್ಟ್‌ನಲ್ಲಿ ಬೆರಿಹಣ್ಣು ಆಗುವ ಹೊತ್ತಿಗೆ ಬಾ. ಬಂದು ಜಗಳವಾಡು. ನಿನ್ನ ಮನೆಯಲ್ಲಿ ಎಲ್ಲರೂ ಬೆಚ್ಚಗಿರಲಿ, ನಿನ್ನ ಮಂಡಿನೋವು ಇಳಿಯಲಿ, ನಿನಗೆ ನೂರಾರು ಸೊಳ್ಳೆ ಸಿಗಲಿ. ಕೊನೆಯ ಹಾರೈಕೆ ಚಿಕ್ಕಮ್ಮನದು.

ನಿನ್ನ ಪ್ರೀತಿಯ ತಂಗಿ,
ಐಲಾ

ತಾ.ಕ.: ಇಷ್ಟನ್ನೂ ಮತ್ತೊಮ್ಮೆ ಓದಿ ನೋಡಿದೆ. ನಾನು ಮೊದಲಿನಿಂದಲೂ ಅವಳ ಪರವಾಗಿಯೇ ನಿಂತಿದ್ದವಳ ಹಾಗೆ ಕಾಣಿಸುತ್ತದೆ. ಹಾಗಲ್ಲ. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಅವಳು ನನ್ನನ್ನು, "ನೀನು ಯಾರ ಮಗಳಮ್ಮಾ?" ಎಂದು ಕೇಳಿದಳು. ಅವತ್ತೇ ನಾನು ಸಹಿ ಹಾಕಿದೆ. ಲಕೋಟೆಗೆ ಅಂಟು ಹಚ್ಚಿ, ಸ್ಟಾಂಪ್ ಹಾಕಿ ಮೇಜಿನ ಖಾನೆಯಲ್ಲಿಟ್ಟಿದ್ದೆ. ದಿನವೂ ನಾಳೆ ಹಾಕೋಣ ಎಂದುಕೊಳ್ಳುತ್ತ ಎರಡು ತಿಂಗಳು ಕಳೆದೆ. ಹಬ್ಬದ ಮರುದಿನ ಕಾಫಿ ಕುಡಿಯುವಾಗ ತಡೆಯಲಾಗದೆ ಅವಳಿಗೆ ಎಲ್ಲ ಹೇಳಿ, ಅವಳೆದುರಿಗೇ ಅದನ್ನು ಒಲೆಗೆ ಹಾಕಿದೆ. ಅವಳು ರೊಟ್ಟಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು ಬಿಡು" ಎಂದಳು. "ಏಪ್ರಿಲ್‌ನಿಂದ ನೀನು ನನ್ನ ಜೊತೆ ಒಂದು ಸಲನೂ ಜಗಳ ಆಡಿಲ್ಲ."