ಲೈಟಿಗೆ ಬಿಗಿದ ತಂತಿ

ಅಫ್ರಾಳ ಉಪ್ಪಾ,

ಪಕ್ಕದ ಮನೆಯ ಖೌಲಾಳ ಕಾರಿನಲ್ಲಿ ಆಸ್ಪತ್ರೆಗೆ ಹೋಗುತ್ತಿದ್ದೇನೆ. ಫೋನ್ ಮಾಡಬೇಡಿ.

ಊಟದ ಮೇಜಿನ ಮೇಲಿನ ಲೈಟನ್ನು ನಾನು ಇಳಿಸಬಾರದೆಂದು ನೀವು ನಿನ್ನೆ ಅದನ್ನು ತಂತಿಯಿಂದ ಮೇಲಕ್ಕೆ ಬಿಗಿದಿರಿ. “ಇದೆಂತ ಮನೆಯಾ, ಟೈಲರ್ ಅಂಗಡಿಯಾ?” ಎಂದು ಕೂಗಾಡಿದಿರಿ. ಎಳೆದರೆ ಇಳಿಯುವ, ಕೆಲಸ ಮುಗಿದ ಮೇಲೆ ತಾನೇ ವೈರು ಸುತ್ತಿಕೊಂಡು ಏರುವ ಲೈಟು ಅದು. ನಿಮಗೆ ಅಡ್ಡವಾದದ್ದು ಯಾವಾಗ?

ಖಮೀಸ್ ಮುಶೈತ್‌ನ ಪೇಟೆಯ ಅಂಗಡಿಯವರಿಗೆ ನಾಳೆ ಕೊಡಬೇಕಾದ ಅಬಾಯಾ ನಿಲುವಂಗಿಗೆ ಮಣಿ ಹೊಲಿಯಲು ನನಗೆ ಬೆಳಕು ಹತ್ತಿರ ಬೇಕಿತ್ತು. ಕುರ್ಚಿ ಹತ್ತಿದೆ. ತಂತಿ ಬಿಚ್ಚಲಾಗಲಿಲ್ಲ. ಸಿಟ್ಟಿನಲ್ಲಿ ಜೋರಾಗಿ ಎಳೆದೆ. ಲೈಟು ಕೊಕ್ಕೆ ಸಮೇತ ಕಿತ್ತುಬಂದು ಹಣೆಯ ಮೇಲೆ ಬಿತ್ತು. ಹೊಲಿಗೆ ಹಾಕಬೇಕಾಗುತ್ತದೆ ಎಂದು ಖೌಲಾ ಹೇಳುತ್ತಿದ್ದಾಳೆ.

ಮೇನ್ ಸ್ವಿಚ್ ಆಫ್ ಮಾಡಿದ್ದೇನೆ. ಆ ವೈರು ಮುಟ್ಟಬೇಡಿ, ಎಲೆಕ್ಟ್ರಿಷಿಯನ್ನನ್ನು ಕರೆಸಿ. ನೆಲದಲ್ಲಿ ಗಾಜಿದೆ, ಚಪ್ಪಲಿ ಹಾಕಿಕೊಂಡೇ ಗುಡಿಸಿ. ಇವತ್ತಾದರೂ ಪೊರಕೆ ಎಲ್ಲಿದೆ ಎಂದು ಹುಡುಕಿ.

ಎರಡು ಗಂಟೆಗೆ ಅಫ್ರಾಳ ಸ್ಕೂಲ್ ಬಸ್ಸು ಬರುತ್ತದೆ. ಅನ್ನ, ಮೀನು ಸಾರು ಒಲೆಯ ಮೇಲಿದೆ. ಅವಳಿಗೆ ಮುಳ್ಳು ತೆಗೆದು ಕೊಡಿ.

ಅಬಾಯಾ ನನ್ನ ಜೊತೆಗಿದೆ. ಉಳಿದ ಮಣಿಗಳನ್ನು ಖೌಲಾಳ ಮನೆಯಲ್ಲಿ ಕೂತು ಹೊಲಿದೇ ಬರುತ್ತೇನೆ.

ಉಮ್ಮನಿಗೆ ಏನಾಯಿತೆಂದು ಅಫ್ರಾ ಕೇಳುತ್ತಾಳೆ. ಡಾಕ್ಟರಿಗೆ ನಿಜ ಹೇಳುವುದು ನಾನು. ಅವಳಿಗೆ ಹೇಳುವುದು ನೀವು.

ಮಿಸ್ರಿಯಾ