ಬೆಲ್ಲ ಕಟ್ಟಿದ ಹಾಳೆ

ಅತ್ತಿಗೆ,

“ಮೂರನೇ ಕ್ಲಾಸಿಗೇ ಸ್ಲೇಟು ಎಸೆದು ಬಂದೋನು ಕೊಲೆಗಾರನ ಮನಸ್ಸು ಬರೀತಾನಂತೆ ಕಣ್ರಪ್ಪ! ತಿಗಣೆ ಹೊಸಕಕ್ಕೂ ಧೈರ್ಯ ಇಲ್ಲ ಇವ್ನಿಗೆ!” ಅಂಗಡಿ ತುಂಬ ಗಿರಾಕಿಗಳಿದ್ದಾಗ ಅಣ್ಣ ಹೀಗಂದ. ಹಾಗೆಂದವನೇ ನನ್ನ ಕಾದಂಬರಿಯ ಕೊನೆಯ ಹಾಳೆ ಕಿತ್ತು, ಬೆಟ್ಟದಪುರದ ಗುರುಶಾಂತಪ್ಪನಿಗೆ ಅದರಲ್ಲೇ ಬೆಲ್ಲ ಕಟ್ಟಿಕೊಟ್ಟ. ಎಲ್ಲರೂ ನಕ್ಕರು.

ಅಣ್ಣನಿಗೆ ವಿಷವಿಡಲು ಬಂದ ತಮ್ಮ, ಸಾರು ಆರಿದೆಯೆಂದು ಮೊದಲು ಬಿಸಿ ಮಾಡುತ್ತಾನೆ. ಆ ಹಾಳೆಯಲ್ಲಿದ್ದದ್ದು ಇಷ್ಟೇ. ಇಷ್ಟಕ್ಕೆ ಎರಡು ತಿಂಗಳು ಒದ್ದಾಡಿದ್ದೇನೆ. ಅಣ್ಣ ಉಣ್ಣುವುದನ್ನೇ ನಾನು ನೋಡುತ್ತ ಕೂತಾಗ “ಏನಪ್ಪ ಅಂಗೆ ನೋಡ್ತೀಯೆ?” ಎಂದು ಕೇಳುತ್ತಿದ್ದಿರಲ್ಲ, ಅದು ಇದಕ್ಕೇ.

ಮೈಸೂರಿನ ಅಚ್ಚುಕೂಟದವರಿಗೆ ಸೋಮವಾರ ಪೂರ್ತಿ ಪ್ರತಿ ಕೊಡಬೇಕು. ಇನ್ನೊಂದು ಸಲ ಬರೆದರೆ ಅದು ಅದಾಗುವುದಿಲ್ಲ. ಹಾಳೆ ತರಲು ಬೆಟ್ಟದಪುರಕ್ಕೆ ಹೊರಟಿದ್ದೇನೆ. ಬೆಲ್ಲ ಅಂಟಿದ್ದರೂ ಸರಿ.

ಉಳಿದ ಹಾಳೆಗಳು ನಿಮ್ಮ ಮದುವೆ ಸೀರೆಯ ಪೆಟ್ಟಿಗೆಯಲ್ಲಿವೆ. ಕೇಳದೆ ಇಟ್ಟೆ, ಬೈಯಬೇಡಿ. ಅಲ್ಲಿಗಾದರೆ ಅವನು ಕೈ ಹಾಕುವುದಿಲ್ಲ.

ಅಣ್ಣನ ಸಾರು ಆರಿದೆ, ನೀವೇ ಬಿಸಿ ಮಾಡಿ ಬಡಿಸಿ. ಇವತ್ತು ನನ್ನ ಕೈಯ ಮೇಲೆ ನನಗೇ ನಂಬಿಕೆಯಿಲ್ಲ.

ಅಂಗಡಿಯಿಂದ “ಎಲ್ಲೋದ್ಯಲಾ ಕೊಲೆಗಾರ?” ಎಂದು ಕೂಗುತ್ತಿದ್ದಾನೆ. ಹಿತ್ತಲ ಬಾಗಿಲಿಂದ ಹೋಗುತ್ತಿದ್ದೇನೆ.